ಕೆನ್ನೆಗೆ ಹಿಡಿದ ಲಿಂಬೆ

"ಅದು ಫೋನ್ ಅಲ್ರಿ ಮೇಡಂ, ಲಿಂಬಿಹಣ್ಣು," ಎಂದ ಲಾರಿ ಚಾಲಕ ಖಲೀಲ. ಕಟಕಟೆಯಲ್ಲಿ ನಿಂತಲ್ಲೇ ಜೇಬಿನಿಂದ ಹಣ್ಣೊಂದನ್ನು ತೆಗೆದು ಉಗುರಿನಿಂದ ಸಿಪ್ಪೆ ಗೀರಿದ. ಇಂಡಿ ಪಟ್ಟಣದ ಕೋರ್ಟಿನ ಬಿಸಿ ಗಾಳಿಯಲ್ಲಿ ಘಮ ಹರಡಿತು. ಬರೆಯುತ್ತಿದ್ದ ಗುಮಾಸ್ತನ ಪೆನ್ನು ನಿಂತಿತು. ಮೇಲಿನ ಫ್ಯಾನು ಕೂಡ ನಿಧಾನವಾದಂತಿತ್ತು.

ಫೋನಿನಲ್ಲಿ ಮಾತಾಡುತ್ತ ಲಾರಿ ಓಡಿಸಿದನೆಂದು ಅವನ ಮೇಲೆ ಕೇಸಾಗಿತ್ತು. ಹೆದ್ದಾರಿಯ ಕ್ಯಾಮೆರಾ ತೆಗೆದ ಫೋಟೊದಲ್ಲಿ ಇದ್ದ ಹಾಗೆಯೇ ಅವನು ಹಣ್ಣನ್ನು ಕೆನ್ನೆಗೆ ಹಿಡಿದು ತೋರಿಸಿದ. "ಲಿಂಬಿ ಹೇರ್ಕೊಂಡು ಹೋಗೋ ಡ್ರೈವರ್ ಎಲ್ಲಾರೂ ಹಿಂಗ ಒಂದು ಹಣ್ಣು ಮೂಸ್ಕೋತ ಹೋಗ್ತೇವ್ರಿ, ತೂಕಡಿಕಿ ಬರಬಾರದಂತ. ಲೈಸೆನ್ಸ್ ಹೋದ್ರ ನನ್ನ ಹೊಟ್ಟಿಪಾಡ ಹೋಗ್ತೈತಿ."

ನ್ಯಾಯಾಧೀಶೆ ಫೋಟೊವನ್ನು ಹತ್ತಿರ ಹಿಡಿದು ನೋಡಿದರು. "ಸರಿ, ಲಿಂಬೆ ಅಂತಲೇ ಇಟ್ಟುಕೊಳ್ಳೋಣ. ಆದರೆ ಕಣ್ಣು ಯಾಕೆ ಮುಚ್ಚಿದ್ದೀರಿ?"

ಖಲೀಲನಿಗೆ ಫೋಟೊ ತೆಗೆದ ಆ ಮಧ್ಯಾಹ್ನ ಮತ್ತೆ ಕಂಡಿತು. ಝಳಕಿ ಊರು ದಾಟುವಾಗ, ರಸ್ತೆ ಪಕ್ಕದ ಲಿಂಬೆ ಗಿಡಗಳ ನಡುವೆ ಹೆಂಡತಿ ಸಿದ್ದೀಕಾ ನಿಂತಿದ್ದಳು. ತಲೆಯ ಮೇಲೆಲ್ಲ ಬಿಳಿ ಹೂ ಉದುರಿತ್ತು. ಬಾ, ಬಾ ಎಂದು ಕೈ ಬೀಸುತ್ತಿದ್ದಳು. ಮನೆಗೆ ಹೋಗಿ ಹೇಳಿದಾಗ ಅವಳು ನಕ್ಕುಬಿಟ್ಟಿದ್ದಳು: "ಇವತ್ತ ನಾ ಹೊಸ್ತಲಾ ದಾಟಿಲ್ರಿ. ಯಾರನ್ನ ನೋಡಿ ಬಂದೀರಿ?" ಅವನೂ ನಕ್ಕು ಮರೆತಿದ್ದ.

ಈಗ ನಗು ಬರಲಿಲ್ಲ. ಅವಳನ್ನು ಕಂಡದ್ದು ಮುಚ್ಚಿದ ಕಣ್ಣಿನಲ್ಲೇ. ಅಷ್ಟು ಹೊತ್ತು ಲಾರಿ ರಸ್ತೆಯ ಮೇಲೆಯೇ ಉಳಿದದ್ದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಕೆನ್ನೆಯಿಂದ ಹಣ್ಣನ್ನು ಮೆಲ್ಲಗೆ ಇಳಿಸಿದ.

"ಫೋನ್ ಅಂತನ ಬರ್ಕೋರಿ, ಮೇಡಂ."