ಇಪ್ಪತ್ತು ಬಟ್ಟೆ, ಒಂದೇ ಉದ್ದ

ಶೈಲಜಾ ಬಟ್ಟೆಯ ತುದಿ ಹಿಡಿದು ಎಳೆದಳು. ಬಂತು, ಬಂತು, ಬರುತ್ತಲೇ ಇತ್ತು. ಅವಳು ಹೊಸಿಲು ಮುಟ್ಟಿದರೂ ಇನ್ನೊಂದು ತುದಿ ಬೊಮ್ಮಯ್ಯನ ತೊಡೆಯ ಮೇಲೇ ಇತ್ತು.

“ತಾತ, ನಾನು ಹೇಳಿದ್ದು ಪಾತ್ರೆ ಒರೆಸೋ ಬಟ್ಟೆ. ಇದನ್ನ ಉಟ್ಕೊಂಡು ಮದುವೆಗೆ ಹೋಗಬೌದು!”

“ಇಪ್ಪತ್ತೂ ಐತೆ ಕಣಮ್ಮ, ಎಣಿಸ್ಕೊ. ನಡುನಡುವೆ ಕೆಂಪು ಗೆರೆ ಐತಲ್ಲ, ಅಲ್ಲಲ್ಲಿ ಕತ್ತರಿಸೋದು.”

ಬೊಮ್ಮಯ್ಯ ಮೊಳಕಾಲ್ಮೂರಿನಲ್ಲಿ ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದವನು. ಮಗ್ಗದಲ್ಲಿ ಸಾಲಾಗಿ ನಾಲ್ಕು ಸೀರೆ ನೇಯ್ದು, ಎಲ್ಲ ಮುಗಿದ ಮೇಲೆ ಕತ್ತರಿ ಆಡಿಸುವುದೇ ಅವನಿಗೆ ಗೊತ್ತಿದ್ದ ಪದ್ಧತಿ. ಮಂಡಿ ಕೈಕೊಟ್ಟು ಮಗ್ಗ ಬಿಟ್ಟು ವರ್ಷವಾಗಿತ್ತು. ‘ಇನ್ನೇನಪ್ಪ, ಆರಾಮ’ ಎಂದವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಮೊಮ್ಮಗಳು ರಂಜಿತಾಳ ಫೋನಿನಲ್ಲಿ ನೋಡಿ, ಎರಡು ಕಡ್ಡಿಯಲ್ಲಿ ಹತ್ತಿ ದಾರ ಹೆಣೆಯುವುದು ಕಲಿತ. ಕೊನೆಯ ಕುಣಿಕೆಗಳನ್ನು ಮುಚ್ಚಿ ಮುಗಿಸುವ ಪಾಠ ಶುರುವಾದಾಗ ಮಾತ್ರ ಫೋನು ವಾಪಸ್ ಕೊಟ್ಟುಬಿಟ್ಟ. ಬಟ್ಟೆ ಕತ್ತರಿಸುವುದನ್ನು ನೇಕಾರನಿಗೆ ಯಾರೋ ಹೇಳಿಕೊಡಬೇಕೇ? ಚಳ್ಳಕೆರೆಯ ಪಾತ್ರೆ ಅಂಗಡಿಯ ಈ ಶೈಲಜಾ ಇಪ್ಪತ್ತು ಬಟ್ಟೆ ಬೇಕೆಂದ ದಿನದಿಂದ ಅವನು ಮತ್ತೆ ದುಡಿಯುವ ಗಂಡಸಾಗಿದ್ದ.

ಈಗ ಕತ್ತರಿಗೆ ಕುಂಕುಮ ಹಚ್ಚಿ, ಮೊದಲನೇ ಗೆರೆಯಲ್ಲಿ ಕತ್ತರಿಸಿ, ತುಂಡನ್ನು ಶೈಲಜಾಳ ಕೈಗಿಟ್ಟ. ಅಂಚಿನಲ್ಲಿ ಒಂದು ದಾರ ಇಣುಕುತ್ತಿತ್ತು. ಅವಳು ಎಳೆದಳು. ಅಯ್ಯೋ ಶಿವನೇ! ಬಟ್ಟೆ ಸರಸರ ಬಿಚ್ಚಿ ಒಂದು ಹಿಡಿ ಶಾವಿಗೆಯಾಯಿತು. ಉಳಿದ ಹತ್ತೊಂಬತ್ತರ ಉದ್ದದಲ್ಲೂ ಕತ್ತರಿಸಿದ ಬಾಯಿಯ ಕುಣಿಕೆಗಳು ಕಳಚತೊಡಗಿದವು.

“ಪಟ್ಟುಕೋವೇ, ಪಟ್ಟುಕೋ!” ಹಿಡಿದುಕೋ ಎನ್ನಲು ಗಾಬರಿಯಲ್ಲಿ ಬೊಮ್ಮಯ್ಯನಿಗೆ ಮನೆಮಾತು ತೆಲುಗೇ ಬಂತು. ಹೆಂಡತಿ ತಿಪ್ಪಮ್ಮ ಅಡುಗೆಮನೆಯಿಂದ ಓಡಿಬಂದಳು. ದಾರಕ್ಕೆ ಕಾಲು ತೊಡರಿ ಇನ್ನೆರಡು ಸಾಲು ಬಿಚ್ಚಿದಳು. ಬೊಮ್ಮಯ್ಯ ಕುಣಿಕೆಗಳೊಳಗೆ ಹತ್ತೂ ಬೆರಳು ತೂರಿಸಿದ. ಬಿಚ್ಚುವುದು ನಿಂತಿತು.

“ಬಿಡಿ ತಾತ, ಹೋಗ್ಲಿ. ಮಿಲ್ಲಿನ ಬಟ್ಟೇನೇ ತರಿಸ್ತೀನಿ.”

ಆ ಮಾತು ಬೊಮ್ಮಯ್ಯನ ಎದೆಗೇ ನಾಟಿತು. “ನನ್ನ ಕೈಯಿಂದ ಹಾಳು ಬಟ್ಟೆ ಹೋಗಿದ್ದಿಲ್ಲಮ್ಮ ಇವತ್ತಿನವರ್ಗೂ. ಇದರ ಬಾಯಿ ಮುಚ್ಚೋಕೆ ಯಾರಿಗೆ ಬರುತ್ತೆ ಹೇಳು.”

“ನಮ್ಮತ್ತೆಗೆ ಬರುತ್ತೆ, ಸ್ವೆಟರ್ ಹೆಣೀತಾರೆ. ಆದ್ರೆ ಅವರಿರೋದು ಚಳ್ಳಕೆರೇಲಿ.”

“ಬೆರಳು ತೆಗಿ, ಒಂದು ದಾರ ಪೋಣಿಸ್ತೀನಿ,” ಎಂದಳು ತಿಪ್ಪಮ್ಮ.

“ನೀನು ಮುಟ್ಟಬ್ಯಾಡ! ಆಗ್ಲೇ ಎರಡು ಸಾಲು ತಿಂದಿದೀಯ. ನಡಿಯಮ್ಮ ಶೈಲಜಾ, ಬಸ್ಸಿಗೆ ಹೋಗಾನ.”

ಮುಂದೆ ಕುಣಿಕೆಯಿಂದ ಬೆರಳು ತೆಗೆಯದ ಬೊಮ್ಮಯ್ಯ, ಹಿಂದೆ ಬಟ್ಟೆಯ ರಾಶಿ ತಬ್ಬಿಕೊಂಡ ಶೈಲಜಾ. ಬಸ್ಸಿನಲ್ಲಿ ಅವನಿಗೆ ಮುಂದೆ ಸೀಟು ಸಿಕ್ಕಿತು, ಅವಳಿಗೆ ತೀರಾ ಹಿಂದೆ. ಹತ್ತೊಂಬತ್ತು ಬಟ್ಟೆಯೂ ಜನರ ತಲೆಯ ಮೇಲೆ ಸಾಲಾಗಿ ಹಾದುಹೋದವು. ಬಿ.ಜಿ. ಕೆರೆಯಲ್ಲಿ ಹತ್ತಿದವನೊಬ್ಬ ಒಂದರಲ್ಲಿ ಬೆವರು ಒರೆಸಿಕೊಂಡು, “ಚೆನ್ನಾಗಿ ಹೀರ್ತೈತೆ” ಎಂದ.

ಕಂಡಕ್ಟರು ಬಗ್ಗಿ, ಬಟ್ಟೆಯಡಿಯಿಂದ ನುಸುಳಿ ಬಂದ. “ಯಜಮಾನ್ರೇ, ಏನಿದು ಅವತಾರ? ಟಿಕೆಟ್ ತಗಳ್ರಿ.”

“ದುಡ್ಡು ಅಂಗಿ ಜೇಬಲ್ಲೈತೆ, ನೀನೇ ತಗಳಪ್ಪ,” ಎಂದ ಬೊಮ್ಮಯ್ಯ, ಬೆರಳುಗಳ ಮೇಲಿಂದ ಕಣ್ಣು ಕೀಳದೆ. “ನಾನು ಕೆಲಸದಲ್ಲಿದೀನಿ.”