ಕರಡಿ ಬರೆದ ಕೈ

"ಬೇಡ ಅತ್ತೆ! ಕೊಡಿ ಇಲ್ಲಿ!"

ಬಸವಮ್ಮ ಕಾಗದವನ್ನು ಒಲೆಯ ಬಾಯಿಗೆ ಒಯ್ದಾಗಿತ್ತು. ರಾಧಾ ಓಡಿಬಂದು ಅತ್ತೆಯ ಮೊಣಕೈ ಹಿಡಿದುಕೊಂಡಳು. ಕಾಗದದಲ್ಲಿದ್ದದ್ದು ಕರಡಿ. ತಾಲ್ಲೂಕು ಕೇಂದ್ರವಾದ ಕೋಟೆಯಲ್ಲಿ ನಾಳೆ ಶುರುವಾಗುವ ವನ್ಯಜೀವಿ ಸಪ್ತಾಹದ ಪ್ರದರ್ಶನಕ್ಕೆ ಇವತ್ತು ಸಂಜೆಯೊಳಗೆ ತಲುಪಬೇಕಾದ ಚಿತ್ರ. ಟ್ರಂಕಿನ ತಳದಲ್ಲಿ ಮುಚ್ಚಿಟ್ಟುಕೊಂಡೇ ಬರೆದು ಮುಗಿಸಿದ್ದಳು. ಅತ್ತೆಯ ಕೈಗೆ ಸಿಕ್ಕಿಬಿಟ್ಟಿತ್ತು.

"ಬ್ಯಾರೆ ಪ್ರಾಣಿ ಇರ್ನಿಲ್ವಾ ನಿಂಗೆ? ಮೊಲ ಬರಿ, ಜಿಂಕೆ ಬರಿ, ಯಾರು ಬ್ಯಾಡ ಅಂದ್ರು? ನಿಮ್ಮಾವನ ಮಕ ತಿಂದಿದ್ದನ್ನೇ ತಂದು ಮನೆವಳಗೆ ಕೂರಿಸ್ತೀಯಲ್ಲ!"

ಈ ಮನೆಯಲ್ಲಿ ಕರಡಿಯ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ಮಾವ ಕುಳ್ಳಯ್ಯ ಕಾಡಂಚಿನ ಹೊಲದಲ್ಲಿ ಅದರ ಕೈಗೆ ಸಿಕ್ಕಿ ಎಡಗಣ್ಣು ಕಳೆದುಕೊಂಡವನು. ಎಡಗೆನ್ನೆ ಉಳುಮೆಯಾದ ನೆಲದ ಹಾಗಿತ್ತು. ಟವೆಲಿನ ಚುಂಗನ್ನು ಸದಾ ಆ ಕಡೆಗೆ ಇಳಿಬಿಟ್ಟುಕೊಂಡೇ ಓಡಾಡುತ್ತಿದ್ದ. ಗೋಡೆಗೆ ತೂಗುಹಾಕಿದ್ದ ರಾಧಾಳ ಮದುವೆ ಫೋಟೋದಲ್ಲಿ ಮಾತ್ರ ಅವನಿಗೆ ಎರಡು ಕಣ್ಣು. ಸ್ಟುಡಿಯೋದವನು ಗಾಯವನ್ನೆಲ್ಲ ಒರೆಸಿ, ಬ್ರಷ್ಷಿನಲ್ಲಿ ಕಣ್ಣೊಂದನ್ನು ಕೂರಿಸಿಕೊಟ್ಟಿದ್ದ.

ರಾಧಾ ಹಾಲು ಉಕ್ಕೀತೆಂದು ಹೆದರುವವಳು, ಮಾತು ಹೆಚ್ಚಾದೀತೆಂದು ಹೆದರುವವಳು. ಪೆನ್ಸಿಲ್ ಹಿಡಿದಾಗ ಮಾತ್ರ ಬೇರೆಯೇ ಹೆಣ್ಣು. ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗ ಮೃಗಾಲಯದ ಕರಡಿಯ ಮುಂದೆ ಕೂತು ಕೂತು ಕಲಿತದ್ದು. ಬುಡದಲ್ಲಿ ಒತ್ತಿ, ತುದಿಯಲ್ಲಿ ಹಗುರಾಗಿ ಎತ್ತಿಬಿಟ್ಟರೆ ಒಂದು ಕೂದಲು. ಹಾಗೇ ಅದರ ಪಕ್ಕ ಇನ್ನೊಂದು, ಮೇಲೊಂದು. ಕತ್ತಿನ ಜೂಲು, ಎದೆಯ ಬಿಳಿ ಪಟ್ಟೆ, ಧೂಳು ಮೆತ್ತಿದ ಮೂತಿ. ಚೆನ್ನಾಗಿ ಬಂದಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಸುಡೋದಾದ್ರೆ ಮಾವನ್ನ ಕೇಳಿ ಸುಡಿ," ಎಂದಳು. ಅಂದಮೇಲೆ ತನ್ನ ದನಿಗೆ ತಾನೇ ಬೆಚ್ಚಿದಳು.

"ಏನವ್ವ ಸುಡೋದು?" ಕುಳ್ಳಯ್ಯ ಬಾಗಿಲಲ್ಲೇ ನಿಂತಿದ್ದ.

"ಏನೂ ಇಲ್ಲ ಬುಡಿ, ರದ್ದಿ ಕಾಗ್ದ," ಎಂದು ಬಸವಮ್ಮ ಸೆರಗಿನಲ್ಲಿ ಮರೆಮಾಡಿದಳು. ಅವನು ಚಾಚಿದ ಕೈ ಚಾಚಿಯೇ ಇತ್ತು. ಕೊಡದೆ ದಾರಿಯಿರಲಿಲ್ಲ.

ಕುಳ್ಳಯ್ಯ ಕಾಗದವನ್ನು ಬೆಳಕಿಗೆ ಹಿಡಿದ. ಎಸರು ಕುದಿದು ಮುಚ್ಚಳ ಕುಣಿಯತೊಡಗಿದರೂ ಯಾರೂ ಅತ್ತ ತಿರುಗಲಿಲ್ಲ. ರಾಧಾ ಅವನ ಬೆರಳನ್ನೇ ನೋಡುತ್ತಿದ್ದಳು. ಅದು ಕರಡಿಯ ಮೂತಿ ದಾಟಿ, ಕತ್ತಿನ ಜೂಲಿನ ಮೇಲೆ ಹೋಗಿ ನಿಂತಿತು.

"ಇಲ್ಲೇ ಕಣ್ ಮಗ ನಾನು ಇಡ್ಕಂಡಿದ್ದು. ಎಲ್ಡೂ ಕೈಲೂವೆ ಇಲ್ಲಿ ಕೂದ್ಲು ಇಡ್ದು ಅದರ ಬಾಯ ಅತ್ತಗೆ ನೂಕ್ದೆ. ಕೈ ಬುಟ್ಟಿದ್ರೆ ಇವತ್ತು ನಾನಿರ್ನಿಲ್ಲ."

"ಅಯ್ಯೋ, ಅದೆಲ್ಲ ಈಗ್ಯಾಕೆ?" ಬಸವಮ್ಮ ಒಲೆಯ ಕಡೆ ತಿರುಗಿ ಎಸರಿನ ಮುಚ್ಚಳ ತೆಗೆದಳು.

"ನೀನು ಸುಮ್ಕಿರಮ್ಮಿ. ಎಲ್ರೂ ಅದು ಕಿತ್ಕಂಡಿದ್ದ ಕೇಳುದ್ರೇ ಹೊರತು ನಾನು ಇಡ್ಕಂಡಿದ್ದ ಒಬ್ರೂ ಕೇಳ್ನಿಲ್ಲ." ಅವನು ಗೋಡೆಯ ಮೇಲಿನ ಫೋಟೋ ಕಡೆ ಗದ್ದ ಎತ್ತಿದ. "ಅಲ್ನೋಡು, ಎಲ್ಡು ಕಣ್ಣು ಬುಟ್ಕಂಡು ನಿಂತವ್ನೆ. ಯಾವನೋ ಸೋಕುದಾರ! ಕರಡಿ ನೂಕಿ ಎದ್ದು ಬಂದೋನು ಅವನಲ್ಲ ಕಣವ್ವ."

ಚಿತ್ರವನ್ನು ಸೊಸೆಯ ಕೈಗೆ ಕೊಟ್ಟು, ಬಾಗಿಲ ಬೆಳಕಿಗೆ ಮಣೆ ಎಳೆದುಕೊಂಡು ಕೂತ. ತಲೆಯ ಮೇಲಿನ ಟವೆಲ್ ತೆಗೆದು ಮಡಿಲಲ್ಲಿಟ್ಟುಕೊಂಡ.

"ಇದು ಸಂಜೆ ಕೋಟೆಗೆ ಓಗ್ಲಿ. ಈಗ ನನ್ನ ಬರಿ. ಇದರಂಗೇ, ಏನೂ ಬುಡದೆ."

ರಾಧಾ ಬ್ಲೇಡಿನಲ್ಲಿ ಪೆನ್ಸಿಲಿನ ಮೊನೆ ಹೆರೆದಳು. ಎಡಗೆನ್ನೆಯಿಂದ ಶುರುಮಾಡಿದಳು.