ನೀರು ಕೇಳುವ ದೆವ್ವ

"ನೀರು... ಒಂದು ಗುಟುಕು ನೀರು..."

ಗೋಡೆಯ ಸಂದಿಯಲ್ಲಿ ಬಚ್ಚಿಟ್ಟಿದ್ದ ಸ್ಪೀಕರ್ ನರಳಿದ್ದೇ ತಡ, ಕತ್ತಲ ಸೆಲ್ಲಿನಲ್ಲಿದ್ದ ಪ್ರವಾಸಿಗರು ಕಿರುಚಿ, ಆಮೇಲೆ ನಕ್ಕರು. ಗಂಡನ ಕೆಲಸ ನೋಡಲು ಮೊದಲ ಸಲ ಬಂದಿದ್ದ ಗೈಡಿನ ಹೆಂಡತಿ ಮಾತ್ರ ನೀರಿನ ಬಾಟಲಿಯನ್ನು ಎದೆಗೊತ್ತಿಕೊಂಡು ನಿಂತುಬಿಟ್ಟಳು. ನರಳಿಕೆಯ ಕೊನೆಗೆ ಬಂದ ಆ ಸಿಳ್ಳಿನಂಥ ಕೆಮ್ಮು ಯಾವ ಕೈದಿಯದೂ ಅಲ್ಲ, ಹೋದ ವರ್ಷ ತೀರಿಕೊಂಡ ಮಾವನದು. ಆ ತುಟಿಗೆ ಚಮಚದಲ್ಲಿ ನೀರು ಬಿಟ್ಟವಳು ಅವಳೇ.

"ಈ ದ್ವೀಪ ಜೈಲಾಗಿದ್ದಾಗ ಇಲ್ಲೊಬ್ಬ ಕೈದಿ ನೀರು ನೀರು ಅಂತಾನೇ ಪ್ರಾಣ ಬಿಟ್ಟ," ಗೈಡು ಟಾರ್ಚನ್ನು ಗದ್ದದ ಕೆಳಗೆ ಹಿಡಿದು ಹೇಳುತ್ತಿದ್ದ. "ಜೈಲರು ತುಂಬಿದ ಹೂಜಿ ಹಿಡ್ಕೊಂಡು, ಬಾಗಿಲಲ್ಲೇ ನಿಂತು ನೋಡ್ತಿದ್ನಂತೆ!"

"ಥೂ, ಪಾಪಿ!" ಎಂದರು ಯಾರೋ.

ಜನ ದೋಣಿಯ ಕಡೆ ಹೋದ ಮೇಲೆ ಅವಳು ಕೇಳಿದಳು, "ಅದು ಮಾವನವರ ದನಿ ಅಲ್ವೇನ್ರೀ?"

ಅವನು ಹಲ್ಲು ಕಿರಿದ. "ಗೊತ್ತಾಗೋಯ್ತಾ? ನೀನು ಔಷಧಿ ತರೋಕೆ ಹೋಗಿದ್ದಾಗ ರೆಕಾರ್ಡ್ ಮಾಡ್ಕೊಂಡೆ. ಯಾವ ನಟನ ಕೈಲೂ ಹಾಗೆ ನರಳೋಕಾಗಲ್ಲ ಬಿಡು. ನಡುವೆ ನೀರು ಕೊಟ್ಟಿದ್ರೆ ಅಪ್ಪ ಸುಮ್ಮನಾಗ್ಬಿಡ್ತಿದ್ರು."

ಅವನು ಬಾಟಲಿಗೆ ಕೈಚಾಚಿದ. "ಕೊಡೇ, ಮಾತಾಡಿ ಮಾತಾಡಿ ಗಂಟಲು ಒಣಗಿದೆ. ಒಂದು ಗುಟುಕು ನೀರು."

ಅವಳು ಬಾಟಲಿಯನ್ನು ಬೆನ್ನ ಹಿಂದೆ ಹಿಡಿದು, ಇನ್ನೊಂದು ಕೈಯಿಂದ ಫೋನನ್ನು ಅವನ ಬಾಯಿಯ ಹತ್ತಿರ ತಂದಳು.

"ಇನ್ನೂ ಸ್ವಲ್ಪ ನರಳಿ," ಎಂದಳು. "ರೆಕಾರ್ಡ್ ಆಗ್ತಿದೆ."